ಎರಿ (ಕಪ್ಪು) ಮಣ್ಣಿನ ಪ್ಲಾಟ್‌ನಲ್ಲಿ ಮನೆ: ಪಾಯ, ಸೆಪ್ಟಿಕ್ ಟ್ಯಾಂಕ್, ಕೈತೋಟ. ಅನುಭವ ಇದ್ದವರು ಹೇಳಿ

ಹೊಸ ಪ್ಲಾಟ್ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ವಿಜಯಪುರದ ಹೊರಗೆ 30×40 ಪ್ಲಾಟ್ ತಗೊಂಡಿದ್ದೇವೆ. ಮೊದಲು ಬಿಳಿಜೋಳ ಬೆಳೆಯುವ ಹೊಲ ಆಗಿತ್ತು, ಈಗ ಎನ್‌ಎ (ಕೃಷಿಯೇತರ) ಆಗಿದೆ. ಅಪ್ಪಟ ಎರಿ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಾಯಿ ಬಿಡುತ್ತದೆ, ಮಳೆ ಬಂದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ.

ಸದ್ಯಕ್ಕೆ ನೆಲಮಹಡಿ, ಮುಂದೆ ಮೇಲೆ ಇನ್ನೊಂದು. ಒಬ್ಬ ಗುತ್ತಿಗೆದಾರರು 4 ಅಡಿ ಪಾಯ ಸಾಕು ಎನ್ನುತ್ತಾರೆ. ಇನ್ನೊಬ್ಬರು ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕದೇ ಮನೆ ನಿಲ್ಲುವುದಿಲ್ಲ ಎನ್ನುತ್ತಾರೆ. ಇಬ್ಬರ ಲೆಕ್ಕಕ್ಕೂ ಭೂಮಿ ಆಕಾಶದ ಅಂತರ.

ಬಡಾವಣೆಗೆ ಒಳಚರಂಡಿ ಇನ್ನೂ ಬಂದಿಲ್ಲ. ಪಕ್ಕದ ಮನೆಯವರ ಸೋಕ್ ಪಿಟ್ (ಕೊಳಚೆ ನೀರು ಇಂಗುವ ಗುಂಡಿ) ಮಳೆಗಾಲದಲ್ಲಿ ತುಂಬಿ ರಸ್ತೆಗೆ ಹರಿಯುತ್ತದೆ. ನಮ್ಮದೂ ಹಾಗೇ ಆಗುತ್ತಾ? ಮನೆಯವರಿಗೆ ಹಿಂದೆ ಒಂದಿಷ್ಟು ಗಿಡ ಬೇಕು. ಕರಿಬೇವು, ಮಲ್ಲಿಗೆ, ನಿಂಬೆ, ಬದನೆ. ಮೂರನ್ನೂ ಒಟ್ಟಿಗೇ ಕೇಳುತ್ತಿದ್ದೇನೆ, ಬೇಜಾರಾಗಬೇಡಿ.

ಲೆವೆಲ್ ಪಟ್ಟಿ (ಬಾಗಲಕೋಟೆ)

ಒಟ್ಟಿಗೇ ಕೇಳಿದ್ದು ಒಳ್ಳೇದೇ ಆಯಿತು. ಎರಿಯಲ್ಲಿ ಮೂರೂ ಒಂದೇ ವಿಷಯ, ನೀರಿನ ವಿಷಯ. ಗಿಡಕ್ಕೆ ಹಾಕಿದ ನೀರು ಪಾಯಕ್ಕೆ ಹೋಗುತ್ತದೆ. ಸೆಪ್ಟಿಕ್‌ನ ನೀರು ಪಕ್ಕದವರ ಗೋಡೆಗೆ ಹೋಗುತ್ತದೆ.

ಮೊದಲು ಒಂದು ಪ್ರಶ್ನೆ. ಎರಿ ಎಷ್ಟು ಆಳ ಇದೆ? ಅದಕ್ಕೆ ಉತ್ತರ ಇಲ್ಲದೆ 4 ಅಡಿ ಎನ್ನುವವರ ಮಾತೂ ಬೇಡ, ಪೈಲ್ ಎನ್ನುವವರ ಮಾತೂ ಬೇಡ. ಪ್ಲಾಟ್‌ನ ಎರಡು ಮೂಲೆಯಲ್ಲಿ ಗುಂಡಿ ತೆಗೆಸಿ. 8–10 ಅಡಿ ಹೋಗಲಿ. ಜೆಸಿಬಿಗೆ ಒಂದು ಗಂಟೆಯ ಕೆಲಸ. ಗುಂಡಿಯೊಳಗೆ ಯಾರೂ ಇಳಿಯಬೇಡಿ, ಒಣಗಿದ ಎರಿ ಗೋಡೆ ಹೇಳದೇ ಕೇಳದೇ ಕುಸಿಯುತ್ತದೆ. ಮೇಲಿಂದಲೇ ನೋಡಿ. ಎಲ್ಲಿವರೆಗೆ ಕಪ್ಪು, ಎಲ್ಲಿಂದ ಸುಣ್ಣದ ಹರಳು, ಎಲ್ಲಿಂದ ಗರಸು (ಕಲ್ಲು ಸವೆದು ಆದ ಒರಟು ಮಣ್ಣು), ಎಲ್ಲಿಂದ ಕಲ್ಲು ಅಂತ ಫೋಟೋ ತೆಗೆದು ಹಾಕಿ.

ವಿಜಯಪುರದ ಕೆಳಗೆ ಇರುವುದು ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಕಲ್ಲು. ಎತ್ತರದ ಮಡ್ಡಿಯಲ್ಲಿ ಅದು ಒಂದೆರಡು ಅಡಿಗೇ ಸಿಗುತ್ತದೆ. ತಗ್ಗಿನಲ್ಲಿ, ಮುಖ್ಯವಾಗಿ ಡೋಣಿ ನದಿಯ ಕಡೆ, ಎರಿ ತುಂಬಾ ಆಳಕ್ಕೆ ಇಳಿದಿರುತ್ತದೆ. ಒಂದೇ ಬಡಾವಣೆಯಲ್ಲಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೇ ಪಕ್ಕದವರ ಪಾಯ ನೋಡಿ ನಕಲು ಮಾಡಬೇಡಿ ಎನ್ನುವುದು.

ಗೌಂಡಿ ಮಾಮಾ

ಸರ್ ಹೇಳಿದ್ದು ಸರಿ ಐತಿ. ಆದ್ರೆ ಇಷ್ಟು ವರ್ಷ ನಾವು ಕಟ್ಟಿದ ಮನೆ ಯಾವ ಪರೀಕ್ಷೆ ಮಾಡಿ ಕಟ್ಟಿದ್ದೇವೆ? ಎರಿ ತೆಗೆದು ಮರಳು ತುಂಬಿ ನೀರು ಹೊಡೆದು ಮೇಲೆ ಕಲ್ಲಿನ ಪಾಯ. ನಿಂತಿವೆ.

ಲೆವೆಲ್ ಪಟ್ಟಿ (ಬಾಗಲಕೋಟೆ)

ಮಾಮಾ, ನಿಂತಿರುವುದರಲ್ಲಿ ಎಷ್ಟಕ್ಕೆ ಕಿಟಕಿ ಮೂಲೆಯಿಂದ ಓರೆ ಬಿರುಕು ಇದೆ, ಅದನ್ನೂ ಹೇಳಿ 🙂

ಮರಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎರಿಯೊಳಗೆ ತಗ್ಗು ತೋಡಿ ಮರಳು ತುಂಬಿದರೆ ಸುತ್ತ ನೀರು ಬಿಡದ ಮಣ್ಣು, ನಡುವೆ ನೀರು ಹಿಡಿಯುವ ಮರಳು. ನೆಲದಡಿ ಒಂದು ನೀರಿನ ತೊಟ್ಟಿ ಕಟ್ಟಿದ ಹಾಗೆ. ಮೇಲಿನ ಮಳೆನೀರು, ಬಚ್ಚಲ ಸೋರಿಕೆ ಎಲ್ಲ ಅಲ್ಲೇ ನಿಂತು ಪಕ್ಕದ ಎರಿಯನ್ನು ವರ್ಷವಿಡೀ ಹಸಿ ಇಡುತ್ತದೆ. ಫುಟಿಂಗ್ (ಕಂಬದ ಅಡಿಪಾಯ) ಸುತ್ತ ತೆಳುವಾಗಿ ಮರಳು ಕೊಡುವ ರೂಢಿ ಇದೆ, ಪಕ್ಕದ ಒತ್ತಡ ತಡೆಯಲು. ಆದರೆ ಮೇಲೆ ನೀರು ಇಳಿಯದಂತೆ ಮುಚ್ಚಿದ್ದರೆ ಮಾತ್ರ ಅದರಿಂದ ಲಾಭ.

ಬದಲಿಗೆ ಒಳ್ಳೆಯ ಗರಸು ಹಾಕಿ. ಸ್ವಲ್ಪ ಅಂಟು ಇರಬೇಕು, ಆದರೆ ಉಬ್ಬಬಾರದು. ಅರ್ಧ ಅಡಿ ಪದರ, ಹದ ನೀರು, ರೋಲರ್ ಅಥವಾ ಕಂಪ್ಯಾಕ್ಟರ್. ಮತ್ತೆ ಅರ್ಧ ಅಡಿ. ಒಂದೇ ಸಲ ಟಿಪ್ಪರ್ ಸುರಿದು ಮೇಲೆ ನೀರು ಬಿಟ್ಟು ಹೋಗುವುದನ್ನು ತುಂಬುವುದು ಎನ್ನಲಾಗದು.

ಇದು ನನ್ನ ಸ್ವಂತ ಬುದ್ಧಿ ಏನಲ್ಲ. ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಉಬ್ಬದ ಅಂಟುಮಣ್ಣಿನ ಪದರ ಕೊಟ್ಟರೆ ಕೆಳಗಿನ ಎರಿಯ ಉಬ್ಬು ಹಿಡಿತಕ್ಕೆ ಬರುತ್ತದೆ ಎಂದು ತೋರಿಸಿದ್ದರು. ಸುಮಾರು ಒಂದು ಮೀಟರ್ ದಪ್ಪದ ಪದರ. ನಮ್ಮ ಮಲಪ್ರಭಾ ಕಾಲುವೆಯಲ್ಲೇ ಆ ವಿಧಾನ ಬಳಸಿದ್ದಾರೆ. ಎರಿಯಲ್ಲಿ ಕಾಲುವೆ ಲೈನಿಂಗ್ ಒಡೆಯುವುದು ಆಗಿನ ದೊಡ್ಡ ತಲೆನೋವು.

ಮಾಳಿಗೆ ಮನೆ (ಸಿಂದಗಿ)

ನಮ್ಮ ಹಿರಿಯರು ಊರನ್ನು ಮಡ್ಡಿ ಮೇಲೆ ಕಟ್ಟಿದರು, ಎರಿಯನ್ನು ಬಿತ್ತಲು ಬಿಟ್ಟರು. ಹಳೇ ಊರುಗಳನ್ನು ನೋಡಿ, ಗುಡಿ, ಗೌಡರ ವಾಡೆ ಎಲ್ಲಾ ದಿಬ್ಬದ ಮೇಲೆ. ಜೋಳ ತುಂಬಿಡುವ ಹಗೇವನ್ನೂ ಗಟ್ಟಿ ಗರಸು ಇದ್ದಲ್ಲೇ ತೋಡುತ್ತಿದ್ದರು, ಎರಿಯಲ್ಲಿ ತೋಡಿದರೆ ಕಾಳು ಮುಗ್ಗಿ ಹೋಗುತ್ತದೆ. ಈಗ ಎಲ್ಲಿ ಹೊಲ ಅಗ್ಗವೋ ಅಲ್ಲಿ ಲೇಔಟ್. ಪ್ಲಾಟ್ ಮಾರುವವರು ರಸ್ತೆ, ಲೈಟ್ ಕಂಬ ತೋರಿಸುತ್ತಾರೆ, ಮಣ್ಣು ಯಾರೂ ತೋರಿಸುವುದಿಲ್ಲ.

ಹೊಸ ಪ್ಲಾಟ್ (ವಿಜಯಪುರ)

ಗುಂಡಿ ತೆಗೆಸಿದೆವು. ರಸ್ತೆ ಕಡೆ ಮೂಲೆಯಲ್ಲಿ 5 ಅಡಿ ಎರಿ, ಹಿಂದಿನ ಮೂಲೆಯಲ್ಲಿ 7 ಅಡಿ. ಕೆಳಗೆ ಅರ್ಧ ಅಡಿ ಬಿಳಿ ಹರಳು ಬೆರೆತ ಮಣ್ಣು, ಆಮೇಲೆ ಹಳದಿ ಗರಸು. ಗರಸಿನಲ್ಲಿ ಜೆಸಿಬಿ ಹಲ್ಲು ಕೆರೆಯುವ ಸದ್ದು ಬಂತು. ನೀರು ಕಾಣಲಿಲ್ಲ.

ಮಣ್ಣಿನ ಪರೀಕ್ಷೆ ಅಂದರೆ ಯಾವುದು ಮಾಡಿಸಬೇಕು? ರೈತ ಸಂಪರ್ಕ ಕೇಂದ್ರದಲ್ಲಿ ಮಾಡುವುದು ಸಾಕಾ?

ಲೆವೆಲ್ ಪಟ್ಟಿ (ಬಾಗಲಕೋಟೆ)

ಅಲ್ಲಿನದು ಬೆಳೆಯ ಪರೀಕ್ಷೆ. ಪಿಎಚ್, ಲವಣ, ಸಾರಜನಕ, ರಂಜಕ ಅಂತ ಹೇಳುತ್ತಾರೆ. ಕೈತೋಟಕ್ಕೆ ಬೇಕಾಗುತ್ತದೆ, ಪಾಯಕ್ಕೆ ಆಗುವುದಿಲ್ಲ. ಪಾಯಕ್ಕೆ ಸಿವಿಲ್ ವಿಭಾಗ ಇರುವ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗೆ ಕೊಡಿ. ಲಿಕ್ವಿಡ್ ಲಿಮಿಟ್, ಪ್ಲಾಸ್ಟಿಕ್ ಲಿಮಿಟ್, ಫ್ರೀ ಸ್ವೆಲ್ ಇಂಡೆಕ್ಸ್ (ಮಣ್ಣು ಎಷ್ಟು ಉಬ್ಬುತ್ತದೆ ಎಂಬ ಲೆಕ್ಕ), ಗರಸಿನ ಹೊರುವ ಶಕ್ತಿ. ಇಷ್ಟು ಕೇಳಿ.

ಫ್ರೀ ಸ್ವೆಲ್ ಪರೀಕ್ಷೆ ಎಷ್ಟು ಸರಳ ಎಂದರೆ ಮನೆಯಲ್ಲೇ ಅಂದಾಜು ಮಾಡಬಹುದು. ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿದೆ. ಒಣಗಿಸಿ ಪುಡಿ ಮಾಡಿ ಸಣ್ಣ ಜರಡಿ ಹಿಡಿದ ಮಣ್ಣು ಎರಡು ಪಾಲು, ತಲಾ 10 ಗ್ರಾಂ. 100 ಮಿಲಿಯ ಎರಡು ಅಳತೆಯ ಗಾಜಿನ ಕೊಳವೆ. ಒಂದರಲ್ಲಿ ಡಿಸ್ಟಿಲ್ಡ್ ವಾಟರ್, ಇನ್ನೊಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಕಲಕಿ, ಗಾಳಿ ಗುಳ್ಳೆ ಬಿಡಿಸಿ, 24 ಗಂಟೆ ಬಿಡಿ. ನೀರಿನಲ್ಲಿ ಮಣ್ಣು 20 ಮಿಲಿ ಗುರುತಿಗೆ ಬಂದು, ಸೀಮೆಎಣ್ಣೆಯಲ್ಲಿ 11ಕ್ಕೆ ನಿಂತಿದೆ ಅನ್ನಿ. ವ್ಯತ್ಯಾಸ 9, ಅದನ್ನು 11ರಿಂದ ಭಾಗಿಸಿದರೆ ಸುಮಾರು 82%. 50% ದಾಟಿದರೆ ಎಚ್ಚರ ಇರಲೇಬೇಕು.

ಇದಕ್ಕೆ ಕಾರಣ ಎರಿಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ತೆಳ್ಳಗಿನ ಹಾಳೆ ಹಾಳೆಯಾಗಿ ಇರುತ್ತದೆ, ಹಾಳೆಗಳ ನಡುವೆ ನೀರು ಸೇರಿದರೆ ಅಗಲಿಸುತ್ತದೆ, ಒಣಗಿದರೆ ಮುಚ್ಚುತ್ತದೆ. ಮನೆಯ ಭಾರಕ್ಕೆ ಎರಿ ಕುಸಿಯುತ್ತದೆ ಎಂದು ಜನ ಹೆದರುತ್ತಾರೆ. ಎರಿ ಮನೆಯನ್ನು ಎತ್ತುತ್ತದೆ ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಹಗುರ ಕಟ್ಟಡಕ್ಕೇ ಜಾಸ್ತಿ ಪೆಟ್ಟು. ನಮ್ಮ ಕಡೆ ಮೊದಲು ಒಡೆಯುವುದು ಯಾವಾಗಲೂ ಕಾಂಪೌಂಡ್ ಗೋಡೆ ಅಲ್ವಾ?

ಈಗ ನಿಮ್ಮ ಪ್ಲಾಟ್. 7 ಅಡಿಗೆ ಗರಸು ಸಿಕ್ಕಿದೆ. ಹಾಗಾಗಿ ಪೈಲ್ ಬೇಡ ಎಂದೇ ನನ್ನ ಅಭಿಪ್ರಾಯ. ಅಂಡರ್‌ರೀಮ್ಡ್ ಪೈಲ್ ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ) ಸಂಸ್ಥೆ ಎರಿ ಭೂಮಿಗಾಗಿಯೇ ರೂಪಿಸಿದ್ದು. ಕೆಳಗೆ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆ ಇರುತ್ತದೆ. ಮಳೆ ಬಿಸಿಲಿಗೆ ಮಣ್ಣು ಆಡದ ಆಳಕ್ಕೆ ಆ ಗಡ್ಡೆ ಇಳಿಯಬೇಕು, ಅಂದರೆ ಸುಮಾರು 3.5 ಮೀಟರ್. ಆಳವಾದ ಎರಿ ಇದ್ದವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ನಿಮಗೆ 2 ಮೀಟರ್ ದಾಟಿದ ಕೂಡಲೇ ಗಟ್ಟಿ ನೆಲ ಇದೆ. ಕಾಲಂ ಫುಟಿಂಗ್‌ಗಳನ್ನು ಗರಸಿನೊಳಗೆ ಒಂದಡಿಯಾದರೂ ಇಳಿಸಿ ಕೂರಿಸಿ. ಎಲ್ಲವೂ ಗರಸಿನಲ್ಲೇ ಇರಬೇಕು. ಮುಂದಿನವು ಗರಸಿನಲ್ಲಿ, ಹಿಂದಿನವು ಎರಿಯಲ್ಲಿ ಎಂದರೆ ಮನೆ ನಡುವೆ ಸೀಳುತ್ತದೆ. 4 ಅಡಿ ಎಂದವರ ಲೆಕ್ಕದಲ್ಲಿ ನಿಮ್ಮ ಇಡೀ ಮನೆ ಎರಿಯ ಮೇಲೇ ಕೂರುತ್ತಿತ್ತು. ಅಂತಿಮ ಡಿಸೈನ್ ಮಾತ್ರ ಸ್ಥಳಕ್ಕೆ ಬಂದು ನೋಡುವ ಸ್ಟ್ರಕ್ಚರಲ್ ಇಂಜಿನಿಯರ್ ಕೈಯಲ್ಲೇ ಮಾಡಿಸಿ.

ಇನ್ನೊಂದು ಹೇಳುತ್ತೇನೆ, ಇದನ್ನು ಎಲ್ಲರೂ ಬಿಡುತ್ತಾರೆ. ಪ್ಲಿಂತ್ ಬೀಮ್ (ಗೋಡೆ ಹೊರುವ ನೆಲಮಟ್ಟದ ಕಾಂಕ್ರೀಟ್ ತೊಲೆ) ಕೆಳಗೆ ಜಾಗ ಬಿಡಿ. 80 ಮಿಲಿಮೀಟರ್ ಖಾಲಿ ಇರಲಿ. ಬೀಮ್ ಎರಿಗೆ ತಾಗಿದ್ದರೆ ಮೊದಲ ಮಳೆಗಾಲಕ್ಕೇ ಮಣ್ಣು ಉಬ್ಬಿ ಬೀಮನ್ನು ಮೇಲೆ ನೂಕುತ್ತದೆ. ಕಾಲಂ ಎಷ್ಟೇ ಆಳ ಹೋಗಿದ್ದರೂ ಆಗ ಉಪಯೋಗ ಕಡಿಮೆ.

ಗೌಂಡಿ ಮಾಮಾ

ಬೀಮ್ ಕೆಳಗೆ ಖಾಲಿ ಬಿಟ್ಟರೆ ಇಲಿ, ಹಾವು ಸೇರುವುದಿಲ್ಲವೇ?

ಲೆವೆಲ್ ಪಟ್ಟಿ (ಬಾಗಲಕೋಟೆ)

ಬದಿಗೆ ಇಟ್ಟಿಗೆ ಅಥವಾ ಫರಸಿ ಕಲ್ಲು ನಿಲ್ಲಿಸಿ ಮುಚ್ಚುತ್ತಾರೆ ಮಾಮಾ. ಮಣ್ಣು ಬೀಮಿಗೆ ತಾಗದಿದ್ದರೆ ಆಯಿತು.

ಮನೆಯ ಒಳನೆಲಕ್ಕೂ ಇದೇ ಮಾತು. ಗೋಡೆಗೆ ಒಂದು ಗೆರೆ ಬಿದ್ದಿರುವುದಿಲ್ಲ, ಹಾಲ್‌ನ ಟೈಲ್ಸ್ ಮಾತ್ರ ನಡುವೆ ಗುಡ್ಡ ಎದ್ದಿರುತ್ತದೆ. ಕಾರಣ, ಕಾಲಂ ಗರಸಿನ ಮೇಲೆ, ಟೈಲ್ಸ್ ಎರಿಯ ಮೇಲೆ. ಒಳಗಿನ ಎರಿ ಮೂರಡಿಯಾದರೂ ತೆಗೆದು ಗರಸು ತುಂಬಿ. ಖರ್ಚು ಉಳಿಸುತ್ತೇವೆ ಎಂದು ಪಾಯ ತೋಡಿದ ಎರಿಯನ್ನೇ ಮತ್ತೆ ಒಳಗೆ ಸುರಿಯುವವರು ಬಹಳ ಜನ ಇದ್ದಾರೆ.

ನವನಗರದ ಬಾಲ್ಕನಿ

ಆ ತೆಗೆದ ಎರಿಯನ್ನು ಹಿತ್ತಲಿಗೆ ಹಾಕಿಸಿಕೊಳ್ಳಿ! ಮೇಲಿನ ಒಂದಡಿ ಮಣ್ಣು ಬೇರೆ ಗುಡ್ಡೆ, ಕೆಳಗಿನ ಹರಳು ಮಣ್ಣು ಬೇರೆ ಗುಡ್ಡೆ. ಬೆರೆಸಿಬಿಟ್ಟರೆ ಕೈತೋಟ ಹಾಳು. ಕೆಳಗಿನದು ಬರೀ ಸುಣ್ಣ.

ನಮ್ಮ ನವನಗರದ ಕಥೆ ಉಲ್ಟಾ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಜನ ಇಲ್ಲಿಗೆ ಬಂದರಲ್ಲ, ನಮ್ಮ ಪ್ಲಾಟ್‌ನಲ್ಲಿ ಎರಡಡಿಗೇ ಕಲ್ಲು. ಮನೆಗೆ ಹೇಳಿ ಮಾಡಿಸಿದ ನೆಲ, ಗಿಡಕ್ಕೆ ಏನೂ ಇಲ್ಲ. ಮಣ್ಣು ಕೊಂಡು ತರಿಸಿದೆವು. ಬಂದಿದ್ದು ಅಪ್ಪಟ ಎರಿ. ಕುಂಡಕ್ಕೆ ಹಾಗೇ ತುಂಬಿದರೆ ಒಣಗಿದಾಗ ಇಟ್ಟಿಗೆ, ನೀರು ಹಾಕಿದರೆ ಅಂಚಿನಿಂದ ಇಳಿದು ತಳದಿಂದ ಹೊರಗೆ. ಈಗ ಒಂದು ಪಾಲು ಎರಿ, ಒಂದು ಪಾಲು ಕೆಂಪು ಮಸಾರಿ, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಚೆನ್ನಾಗಿ ನಡೀತಿದೆ.

ಕೆಂಪು ಕಲ್ಲು (ಬೆಳಗಾವಿ)

ನಿಮ್ಮೆಲ್ಲರ ಕಥೆ ಓದಿ ನಮ್ಮ ಬೆಳಗಾವಿ ಸುಖ ಎನಿಸಿತು, ಅರ್ಧ ಮಾತ್ರ. ನಗರದ ಬಹುಪಾಲು ಕಡೆ ಕೆಂಪು ಮಣ್ಣು, ಜಂಬಿಟ್ಟಿಗೆ. ಖಾನಾಪುರದ ಕಡೆ ಇನ್ನೂ ಜಾಸ್ತಿ. ಪಾಯಕ್ಕೆ ತಲೆಬಿಸಿ ಕಡಿಮೆ, ಈ ಮಣ್ಣು ಎರಿಯ ಹಾಗೆ ಉಬ್ಬುವುದಿಲ್ಲ. ಬೈಲಹೊಂಗಲ, ಸವದತ್ತಿ, ಅಥಣಿ ಕಡೆ ಹೋದರೆ ನಮ್ಮ ಜಿಲ್ಲೆಯಲ್ಲೂ ಎರಿಯೇ.

ಸೆಪ್ಟಿಕ್ ವಿಷಯಕ್ಕೆ ಬಂದರೆ ನಮ್ಮದು ಬೇರೆ ತೊಂದರೆ. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ಸೋಕ್ ಪಿಟ್ ಎಷ್ಟು ಕೊಟ್ಟರೂ ಕುಡಿಯುತ್ತದೆ. ತುಂಬಲ್ಲ, ನಾರಲ್ಲ, ಎಲ್ಲರಿಗೂ ಖುಷಿ. ಆ ನೀರು ಹೋಗುವುದು ಎಲ್ಲಿಗೆ? ಹಿತ್ತಲ ಬಾವಿಗೆ. ಹಳೇ ಓಣಿಗಳಲ್ಲಿ ಈಗಲೂ ಬಾವಿ ಬಳಸುತ್ತಾರೆ. ನಮ್ಮ ಓಣಿಯಲ್ಲಿ ಒಂದು ಬಾವಿಯ ನೀರು ವಾಸನೆ ಬಂದ ಮೇಲೆಯೇ ಜನ ಎಚ್ಚೆತ್ತಿದ್ದು. ಕುಡಿಯುವ ನೀರಿನ ಬಾವಿಯಿಂದ ಸೋಕ್ ಪಿಟ್ 18 ಮೀಟರ್ ದೂರ ಇರಬೇಕು ಎನ್ನುತ್ತದೆ ಐಎಸ್ 2470. ಪಿಟ್ಟಿನ ತಳಕ್ಕೂ ಅಂತರ್ಜಲಕ್ಕೂ ನಡುವೆ 2 ಮೀಟರ್ ಬೇಕು. ಖಾನಾಪುರದ ಮಳೆಗಾಲದಲ್ಲಿ ನೀರು ಮೇಲೇ ಬಂದಿರುತ್ತದೆ, 2 ಮೀಟರ್ ಎಲ್ಲಿಂದ ತರುವುದು? ಅಲ್ಲಿ ಮೇ ತಿಂಗಳಲ್ಲಿ ಬಾವಿ ನೋಡಿ ಪಿಟ್ ಆಳ ಗೊತ್ತುಮಾಡಬಾರದು, ಆಗಸ್ಟ್‌ನಲ್ಲಿ ನೋಡಬೇಕು.

ಹೊಸ ಪ್ಲಾಟ್ (ವಿಜಯಪುರ)

ನಮ್ಮಲ್ಲಿ ಬಾವಿ ಇಲ್ಲ, ಬೋರ್ ಹಾಕಿಸುವ ಯೋಚನೆ ಇದೆ. ಸೋಕ್ ಪಿಟ್ 7 ಅಡಿ ದಾಟಿಸಿ ಗರಸಿಗೇ ಬಿಟ್ಟರೆ ತುಂಬುವುದಿಲ್ಲ ಅಂತ ಗುತ್ತಿಗೆದಾರರು ಹೇಳುತ್ತಿದ್ದಾರೆ. ಸರಿನಾ?

ಲೆವೆಲ್ ಪಟ್ಟಿ (ಬಾಗಲಕೋಟೆ)

ಅರ್ಧ ಸರಿ. ಎರಿಯಲ್ಲಿ ಬಿಟ್ಟರೆ ಖಂಡಿತ ತುಂಬುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಟ್ಯಾಂಕರ್ ಗಟ್ಟಲೆ ಕುಡಿಯುತ್ತದೆ, ಮಾಲೀಕರು ಖುಷಿಯಾಗುತ್ತಾರೆ. ಹಸಿಯಾದ ಕೂಡಲೇ ಬಿರುಕು ಮುಚ್ಚುತ್ತದೆ, ಅಲ್ಲಿಗೆ ಮುಗಿಯಿತು. ನಿಮ್ಮ ಪಕ್ಕದ ಮನೆಯಲ್ಲಿ ಆಗಿರುವುದು ಇದೇ.

ಗರಸು ನೀರು ತಗೊಳ್ಳುತ್ತದೆ. ಆದರೆ ಕೆಳಗಿನ ಬಸಾಲ್ಟ್‌ನಲ್ಲಿ ಸೀಳುಗಳಿರುತ್ತವೆ. ಸೀಳಿಗೆ ಇಳಿದ ಕೊಳಚೆ ಮಣ್ಣಿನಲ್ಲಿ ಸೋಸಿಕೊಳ್ಳದೆ ದೂರ ಓಡುತ್ತದೆ. ನಿಮ್ಮ ಬೋರ್‌ಗೂ ಸಿಗಬಹುದು, ಮೂರನೇ ಮನೆಯವರದಕ್ಕೂ ಸಿಗಬಹುದು. ಕಲ್ಲು ಹತ್ತಿರ ಇದ್ದರೆ ಅಲ್ಲಿ ಪಿಟ್ ಬೇಡವೇ ಬೇಡ.

ಮೊದಲು ನೀರು ಇಂಗುವ ಪರೀಕ್ಷೆ ಮಾಡಿ. ಪಿಟ್ ತಳ ಬರುವ ಆಳದಲ್ಲಿ ಸುಮಾರು ಒಂದಡಿ ಅಗಲದ ಕುಳಿ. ತಳಕ್ಕೆ ಎರಡಿಂಚು ಜಲ್ಲಿ. ನೀರು ತುಂಬಿ ಒಂದು ರಾತ್ರಿ ಬಿಡಿ, ಮಣ್ಣು ಉಬ್ಬುವಷ್ಟು ಉಬ್ಬಲಿ. ಈ ನೆನೆಸುವುದನ್ನು ಬಿಟ್ಟರೆ ಎರಿಯಲ್ಲಿ ಲೆಕ್ಕ ಪೂರ್ತಿ ಸುಳ್ಳು ಬರುತ್ತದೆ. ಮರುದಿನ ಜಲ್ಲಿ ಮೇಲೆ 15 ಸೆಂಟಿಮೀಟರ್ ನೀರು ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಅಳೆದು ಮತ್ತೆ ಅಷ್ಟಕ್ಕೇ ತುಂಬಿ. ನಾಲ್ಕು ಗಂಟೆ ಹೀಗೆ ಮಾಡಿ ಕೊನೆಯ ಅರ್ಧ ಗಂಟೆಯ ಲೆಕ್ಕ ಹಿಡಿಯಿರಿ. 25 ಮಿಲಿಮೀಟರ್ ಇಳಿಯಲು 30 ನಿಮಿಷದೊಳಗೆ ಆದರೆ ಸೋಕ್ ಪಿಟ್ ನಡೆಯುತ್ತದೆ. 30ರಿಂದ 60 ಆದರೆ ಪಿಟ್ ಬಿಟ್ಟು ಉದ್ದನೆಯ ಇಂಗು ಕಾಲುವೆ, ಅದೂ ನೆಲಮಟ್ಟದಿಂದ ಮೇಲೆ. 60 ದಾಟಿದರೆ ಮಣ್ಣಿಗೆ ಇಂಗಿಸುವ ಆಸೆ ಬಿಟ್ಟು ಫಿಲ್ಟರ್ ಕಟ್ಟಬೇಕು. ಸೆಪ್ಟಿಕ್ ಟ್ಯಾಂಕ್ ಆದ ಮೇಲೆ ಜಲ್ಲಿ ತುಂಬಿದ ಇನ್ನೊಂದು ಖಾನೆ, ನೀರು ಕೆಳಗಿನಿಂದ ಮೇಲಕ್ಕೆ ಹತ್ತಿ ಹೊರಗೆ ಬರುವಂತೆ.

ನಿಂಬೆ ತೋಟ (ಇಂಡಿ)

ಆ ಫಿಲ್ಟರ್‌ನಿಂದ ಬಂದ ನೀರಿಗೆ ನಮ್ಮ ತಮ್ಮನ ಮನೆಯಲ್ಲಿ ಗಿಡದ ಹಾಸಿಗೆ ಮಾಡಿದ್ದಾರೆ. ತಳಕ್ಕೆ ದಪ್ಪ ಹಾಳೆ, ಮೇಲೆ ಜಲ್ಲಿ, ಜಲ್ಲಿಯಲ್ಲಿ ಕಾಬಾಳೆ (ಕ್ಯಾನಾ ಹೂವಿನ ಗಿಡ). ನೀರು ಜಲ್ಲಿಯ ಒಳಗೇ ಹರಿಯುತ್ತದೆ, ಮೇಲೆ ಕಾಣುವುದಿಲ್ಲ, ಸೊಳ್ಳೆ ಇಲ್ಲ. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಬಿಸಿಲು ಕೇಳುವುದೇ ಬೇಡ. ಮಣ್ಣು ಕುಡಿಯದ ನೀರನ್ನು ಬಿಸಿಲು ಕುಡಿಯುತ್ತದೆ. ಮಳೆಗಾಲದ ಕೆಲವು ದಿನ ಮಾತ್ರ ತುಂಬಿ ಬರುತ್ತದೆ, ಅದಕ್ಕೆ ಹೊರದಾರಿ ಇರಲೇಬೇಕು.

ಅಲ್ಲಿ ಸೊಪ್ಪು, ಗಜ್ಜರಿ ಬೆಳೆದು ತಿನ್ನಬೇಡಿ. ಹೂವಿಗೆ ಮಾತ್ರ.

ಕೆಂಪು ಕಲ್ಲು (ಬೆಳಗಾವಿ)

ಖಾನಾಪುರದಲ್ಲಿ ಇದು ನಡೆಯುವುದಿಲ್ಲ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹಾಸಿಗೆ ಈಜುಕೊಳ ಆಗುತ್ತದೆ.

ಗೌಂಡಿ ಮಾಮಾ

ಟ್ಯಾಂಕ್ ಬಗ್ಗೆ ನಾನು ಹೇಳುತ್ತೇನೆ, ಕೇಳಿರಿ. ಎರಿಯಲ್ಲಿ ನಾಲ್ಕೂವರೆ ಇಂಚಿನ ಇಟ್ಟಿಗೆ ಟ್ಯಾಂಕ್ ಕಟ್ಟಬೇಡಿ. ಮಣ್ಣು ಬದಿಯಿಂದ ಒತ್ತಿ ಗೋಡೆ ಒಳಗೆ ಬಾಗುತ್ತದೆ. ಕಾಂಕ್ರೀಟ್ ಟ್ಯಾಂಕ್ ಒಳ್ಳೇದು. ಸುತ್ತ ಎರಿ ಹಾಕದೆ ಗರಸು ತುಂಬಿ. ಪ್ಲಾಸ್ಟಿಕ್ ಟ್ಯಾಂಕ್ ಇಳಿಸಿದರೆ ಒಳಗೆ ನೀರು ತುಂಬಿಕೊಳ್ಳುತ್ತಾ ಹೊರಗೆ ಗರಸು ತುಂಬಿಕೊಳ್ಳುತ್ತಾ ಬರಬೇಕು. ಖಾಲಿ ಇಟ್ಟು ಮಣ್ಣು ತುಂಬಿದರೆ ಡಬ್ಬಿ ಜಜ್ಜಿ ಹೋಗುತ್ತದೆ.

ಮಳೆಗಾಲದಲ್ಲಿ ಸಕ್ಕಿಂಗ್ ಗಾಡಿ ಕರೆಸಿ ಪೂರ್ತಿ ಖಾಲಿ ಮಾಡಿಸಬೇಡಿ. ಸುತ್ತ ನೀರು ನಿಂತಾಗ ಖಾಲಿ ಟ್ಯಾಂಕ್ ಮೇಲೆ ಎದ್ದು ಬರುತ್ತದೆ. ಬೇಸಿಗೆಯಲ್ಲೇ ಆ ಕೆಲಸ ಮುಗಿಸಿ.

ಲೆವೆಲ್ ಪಟ್ಟಿ (ಬಾಗಲಕೋಟೆ)

ಮಾಮಾ ಹೇಳಿದ್ದಕ್ಕೆ ಒಂದೇ ಸೇರಿಸುತ್ತೇನೆ. ಯಾವ ಕಾರಣಕ್ಕೂ ಮನುಷ್ಯರನ್ನು ಟ್ಯಾಂಕ್ ಒಳಗೆ ಇಳಿಸಬೇಡಿ. ಒಳಗಿನ ಗಾಳಿ ನಿಮಿಷದಲ್ಲಿ ಜೀವ ತೆಗೆಯುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನಿನ ಪ್ರಕಾರ ಅಪರಾಧವೂ ಹೌದು.

ಪೈಪ್ ವಿಷಯ ಯಾರೂ ಎತ್ತಲಿಲ್ಲ. ಮನೆಯಿಂದ ಟ್ಯಾಂಕಿಗೆ ಹೋಗುವ ಪೈಪ್ ಗೋಡೆ ದಾಟುವಲ್ಲಿ ಸಿಮೆಂಟ್ ಹಾಕಿ ಬಿಗಿ ಮಾಡುತ್ತಾರೆ. ಮನೆ ಗರಸಿನ ಮೇಲೆ, ಪೈಪ್ ಎರಿಯಲ್ಲಿ. ಎರಿ ಏರಿಳಿದಾಗ ಅಲ್ಲೇ ಮುರಿಯುತ್ತದೆ. ಮುರಿದದ್ದು ಕಾಣುವುದಿಲ್ಲ, ಕೊಳಚೆ ಎಲ್ಲ ಪಾಯದ ಪಕ್ಕ ಇಳಿಯುತ್ತಿರುತ್ತದೆ. ಮಳೆಯೇ ಇಲ್ಲದ ಜನವರಿಯಲ್ಲಿ ಗೋಡೆ ಬಿರುಕು ದೊಡ್ಡದಾಗುತ್ತಿದ್ದರೆ ಮೊದಲ ಅನುಮಾನ ಈ ಪೈಪಿನ ಮೇಲೆ ಇರಲಿ. ಗೋಡೆಯಲ್ಲಿ ದೊಡ್ಡ ಸ್ಲೀವ್ ಬಿಟ್ಟು, ರಬ್ಬರ್ ರಿಂಗ್ ಜಾಯಿಂಟ್ ಹಾಕಿಸಿ.

ಕಬ್ಬಿನ ಹೊಲ (ಜಮಖಂಡಿ)

ನಾನು ಮನೆ ಕಟ್ಟುವವನಲ್ಲ, ಹೊಲ ಮಾಡುವವನು. ಕಬ್ಬಿನ ಹೊಲ ಒಡೆದು ಮಾಡಿದ ಲೇಔಟ್‌ನಲ್ಲಿ ಪ್ಲಾಟ್ ತಗೊಳ್ಳುವವರಿಗೆ ಒಂದು ಮಾತು. ಕೃಷ್ಣಾ, ಘಟಪ್ರಭಾ ನೀರು ಬಂದ ಮೇಲೆ ನಮ್ಮ ಕಡೆ, ಮುಧೋಳ ಕಡೆ ಎಷ್ಟೋ ಎರಿ ಹೊಲ ಸವಳು ಜವಳಾಗಿ ಹೋಗಿವೆ. ವರ್ಷಪೂರ್ತಿ ಕಬ್ಬಿಗೆ ನೀರು ಹರಿಸಿದರೆ ಕೆಳಗಿನ ನೀರು ಮೇಲೆ ಬರುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಂಡರೆ ಅಲ್ಲಿ ಪ್ಲಾಟ್ ತಗೊಳ್ಳುವ ಮುಂಚೆ ನೂರು ಸಲ ಯೋಚಿಸಿ. ಬೆಳೆಯೇ ಬಾರದ ಹೊಲವನ್ನೇ ಮೊದಲು ಎನ್‌ಎ ಮಾಡಿಸುತ್ತಾರೆ, ತಿಳೀತಲ್ಲ?

ಹಿನ್ನೀರಿನ ಹತ್ತಿರ ಇರುವವರು ಮಟ್ಟವನ್ನೂ ವಿಚಾರಿಸಿ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ. ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರ್‌ಗೆ ಒಪ್ಪಿದೆ.

ಲೆವೆಲ್ ಪಟ್ಟಿ (ಬಾಗಲಕೋಟೆ)

ಕಬ್ಬಿನ ಹೊಲದವರ ಮಾತು ಕಟ್ಟಡಕ್ಕೂ ಬಹಳ ಮುಖ್ಯ. ಅಂಥ ಕಡೆ ಮಣ್ಣಿನಲ್ಲಿ ಸಲ್ಫೇಟ್ ಎಷ್ಟಿದೆ ಎಂದು ನೋಡಿಸಿ. ಸಲ್ಫೇಟ್ ಕಾಂಕ್ರೀಟನ್ನು ತಿನ್ನುತ್ತದೆ. ಸ್ಲ್ಯಾಗ್ ಸಿಮೆಂಟ್ ಬಳಸುವುದು ಅದಕ್ಕೇ. ಗೋಡೆ ಬುಡದಲ್ಲಿ ಬಣ್ಣ ಉದುರಿ ಬಿಳಿ ಹಿಟ್ಟು ಬರುವುದು ಉಪ್ಪು ಮೇಲೇರಿದ ಗುರುತು. ಪ್ಲಿಂತ್ ಮಟ್ಟದಲ್ಲಿ ತೇವ ತಡೆಯುವ ಪದರ ಸರಿಯಾಗಿ ಹಾಕದಿದ್ದರೆ ಎಷ್ಟು ಸಲ ಪೇಂಟ್ ಹೊಡೆದರೂ ಅಷ್ಟೇ.

ಹೊಸ ಪ್ಲಾಟ್ (ವಿಜಯಪುರ)

ಲ್ಯಾಬ್ ವರದಿ ಬಂತು. ಫ್ರೀ ಸ್ವೆಲ್ 90%. ಗರಸು ಗಟ್ಟಿ ಇದೆ ಎಂದಿದ್ದಾರೆ. ನೀರು ಇಂಗುವ ಪರೀಕ್ಷೆಯನ್ನೂ ಮಾಡಿದೆವು. ಎರಿಯಲ್ಲಿ ನಾಲ್ಕು ಗಂಟೆಯಾದರೂ ನೀರು ಇಳಿದದ್ದೇ ಕಾಣಲಿಲ್ಲ, ಗರಸಿನಲ್ಲಿ 25 ಮಿಲಿಮೀಟರ್‌ಗೆ 20 ನಿಮಿಷದ ಹತ್ತಿರ. ಆದರೆ ಗರಸಿನ ಕೆಳಗೆ ಮೂರಡಿಗೆ ಕಲ್ಲು ಸಿಕ್ಕಿತು. ಬೋರ್ ಆಸೆ ಇರುವುದರಿಂದ ಪಿಟ್ ಬಿಟ್ಟು ಫಿಲ್ಟರ್, ಕಾಬಾಳೆ ಹಾಸಿಗೆ ಎಂದು ಮನಸ್ಸು ಮಾಡಿದ್ದೇವೆ. ಪಾಯ ಎಲ್ಲ ಗರಸಿಗೆ. 4 ಅಡಿ ಎಂದವರು ಕೆಲಸ ಬಿಟ್ಟು ಹೋದರು.

ಈಗ ಮನೆಯವರ ಪ್ರಶ್ನೆ. ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ನೇರವಾಗಿ ಗಿಡಕ್ಕೆ ಬಿಡಬಹುದಾ?

ನವನಗರದ ಬಾಲ್ಕನಿ

ಪಾತ್ರೆ ನೀರು ಬಾಳೆಗೆ ಬಿಡಿ, ಜಿಡ್ಡು ತಡೆಯಲು ಸಣ್ಣ ತೊಟ್ಟಿ ಇರಲಿ. ಬಟ್ಟೆ ಒಗೆದ ನೀರು ಎರಿಗೆ ಬೇಡವೇ ಬೇಡ ಅಕ್ಕಾ. ವಾಷಿಂಗ್ ಪೌಡರ್‌ನಲ್ಲಿ ಸೋಡಿಯಂ ಜಾಸ್ತಿ. ಎರಿಗೆ ಸೋಡಿಯಂ ಸೇರಿದರೆ ಮಣ್ಣಿನ ಕಣ ಬಿಡಿಬಿಡಿಯಾಗಿ ತೂತು ಮುಚ್ಚಿಕೊಳ್ಳುತ್ತವೆ. ಮೊದಲೇ ನೀರು ಇಳಿಯದ ಮಣ್ಣು, ಆಮೇಲೆ ಮೇಲೆ ಹಲಗೆ ಕಟ್ಟುತ್ತದೆ. ಹಾಗೆ ಆದ ಮಣ್ಣಿಗೇ ಜಿಪ್ಸಂ ಕೊಡುವುದು. ಸೋಡಿಯಂ ತೊಂದರೆ ಇಲ್ಲದ ಎರಿಗೆ ಜಿಪ್ಸಂ ಸುರಿದು ದುಡ್ಡು ಕಳೆಯಬೇಡಿ. ಮೊದಲು ಪಿಎಚ್ ನೋಡಿಸಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕರಿಬೇವು ಹಳದಿಯಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಎಲೆ ಹಳದಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣ ಜಾಸ್ತಿ ಇರುವುದರಿಂದ ಬೇರಿಗೆ ಸಿಗುವುದಿಲ್ಲ. ಬುಡಕ್ಕೆ ತುಕ್ಕು ಮೊಳೆ ಹಾಕುವುದು ಎಲ್ಲ ಸುಮ್ನೆ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ, ಸಂಜೆ ಎಲೆಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ನಿಂಬೆ ತೋಟ (ಇಂಡಿ)

ನಿಂಬೆ ಹಾಕಿ, ಖಂಡಿತ ಹಾಕಿ. ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಬಂದಿದೆ, ಗೊತ್ತಲ್ಲ. ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಎರಿಯಲ್ಲಿ ಗುಂಡಿ ತೋಡಿ ಕೆಂಪು ಮಣ್ಣು ತುಂಬಿ ಗಿಡ ನೆಡುತ್ತಾರೆ. ಮೇಲೆ ಹೇಳಿದ ಮರಳಿನ ತೊಟ್ಟಿ ಕಥೆಯೇ ಅಲ್ಲೂ, ಬೇರು ಕೊಳೆಯುತ್ತದೆ. ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮೇಲೆ ಜೋಳದ ಕಣಿಕೆ, ಕಡಲೆ ಹೊಟ್ಟು ಹಾಸಿ. ಹೊದಿಕೆ ಇದ್ದರೆ ಎರಿ ಬಾಯಿ ಬಿಡುವುದು ಎಷ್ಟೋ ಕಡಿಮೆ. ಬಿರುಕು ಬಿಟ್ಟರೆ ಸಣ್ಣ ಬೇರು ಹರಿಯುತ್ತವೆ.

ಮೇಲೆ ಒಣಗಿದೆ ಎಂದು ದಿನಾ ನೀರು ಹಾಕಬೇಡಿ. ನಾಲ್ಕು ಬೆರಳು ಕೆಳಗೆ ಕೆದರಿ ನೋಡಿ, ಅಲ್ಲಿ ಹಸಿ ಇದ್ದರೆ ಕೊಡ ಕೆಳಗಿಡಿ. ಹಿಂಗಾರಿ ಜೋಳಕ್ಕೆ ನಾವು ಬಿತ್ತಿದ ಮೇಲೆ ನೀರೇ ಕೊಡುವುದಿಲ್ಲ, ಎರಿ ಹಿಡಿದಿಟ್ಟ ಹಸಿಯಲ್ಲೇ ಮಾಲದಂಡಿ ಬೆಳೆಯುತ್ತದೆ. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎನ್ನುತ್ತಾರಲ್ಲ, ಅದು ಈ ಮಣ್ಣಿನ ತಾಕತ್ತು. ನೀವೆಲ್ಲ ಮೇಲಿಂದ ಎರಿಯನ್ನು ಬಯ್ಯುತ್ತಿದ್ದೀರಿ, ಅದಕ್ಕೇ ಹೇಳಿದೆ.

ಲೆವೆಲ್ ಪಟ್ಟಿ (ಬಾಗಲಕೋಟೆ)

ಬೈಯಲಿಲ್ಲ ಮಾರಾಯರೇ 🙂 ಗಿಡ ಎಲ್ಲಿ ನೆಡುತ್ತೀರಿ ಅನ್ನುವುದಷ್ಟೇ ನನ್ನ ತಕರಾರು. ಮನೆ ಸುತ್ತ ಐದಾರು ಅಡಿ ಅಗಲ ಕಾಂಕ್ರೀಟ್ ಅಥವಾ ಫರಸಿ ಹಾಸಿ, ಇಳಿಜಾರು ಹೊರಗಡೆಗೆ. ಆ ಪಟ್ಟಿಯೊಳಗೆ ಗಿಡ, ನಲ್ಲಿ, ಡ್ರಿಪ್ ಯಾವುದೂ ಬೇಡ. ಮಾಳಿಗೆ ನೀರಿನ ಪೈಪ್ ಪಾಯದ ಬುಡಕ್ಕೇ ಬಿಡುವವರೂ ಇದ್ದಾರೆ, ಅದನ್ನು ಟ್ಯಾಂಕಿಗೋ ರಸ್ತೆ ಗಟಾರಕ್ಕೋ ಒಯ್ಯಿರಿ. ದೊಡ್ಡ ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ಇರಬೇಕು ಎನ್ನುವುದು ಸಾಮಾನ್ಯ ಲೆಕ್ಕ. ಬೇವು, ಅರಳಿ ಬೇಸಿಗೆಯಲ್ಲಿ ಪಾಯದಡಿಯ ಹಸಿ ಹೀರಿ ಒಂದು ಮೂಲೆ ಕೂರಿಸಿಬಿಡುತ್ತವೆ. 30×40ರಲ್ಲಿ ಬೇವಿಗೆ ಜಾಗವೇ ಇಲ್ಲ. ನಿಂಬೆ, ಕರಿಬೇವು ಹಿಂದಿನ ಗಡಿಗೆ ಹೋಗಲಿ, ಮಲ್ಲಿಗೆ ಕುಂಡದಲ್ಲಿ.

ಮಾಳಿಗೆ ಮನೆ (ಸಿಂದಗಿ)

ಬಿರುಕು ಈಗಾಗಲೇ ಬಿದ್ದಿರುವ ಮನೆಯವರು ಏನು ಮಾಡಬೇಕು? ನಮ್ಮ ಕಾಂಪೌಂಡ್‌ನಲ್ಲಿ ಕೈಬೆರಳು ಹೋಗುತ್ತದೆ.

ಲೆವೆಲ್ ಪಟ್ಟಿ (ಬಾಗಲಕೋಟೆ)

ಈಗಲೇ ಸಿಮೆಂಟ್ ತುಂಬಬೇಡಿ. ಬಿರುಕಿಗೆ ಅಡ್ಡ ಸಣ್ಣ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ನೋಡಿ. ಗಾಜು ಒಡೆದರೆ ಗೋಡೆ ಇನ್ನೂ ಆಡುತ್ತಿದೆ. ಅಷ್ಟರಲ್ಲಿ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ. ಕಾಂಪೌಂಡ್ ಹೊಸದಾಗಿ ಕಟ್ಟುವುದಾದರೆ ಉದ್ದಕ್ಕೆ ಒಂದೇ ಗೋಡೆ ಬೇಡ, ತುಂಡು ತುಂಡಾಗಿ ಕಟ್ಟಿ ನಡುವೆ ಸಂದು ಬಿಡಿ. ಇಲ್ಲಾಂದ್ರೆ ತಂತಿ ಬೇಲಿ ಹಾಕಿ. ಎರಿಗೆ ಅದೇ ವಾಸಿ.

ಗೌಂಡಿ ಮಾಮಾ

ತಂತಿ ಬೇಲಿ ಅಂದ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದಂಗೆ ಸರ್ 😀

ಪ್ಲಾಟ್‌ನವರೇ, ಗರಸು ತರಿಸುವಾಗ ಒಂದು ಹಿಡಿ ನೀರಿಗೆ ಹಾಕಿ ನೋಡಿ ಗಾಡಿ ಇಳಿಸಿಕೊಳ್ಳಿ. ಗರಸು ಅಂತ ಎರಿ ಬೆರೆಸಿ ತರುತ್ತಾರೆ. ಮೊದಲ ಗಾಡಿ ಒಳ್ಳೇದು ಇರುತ್ತದೆ, ನಾಲ್ಕನೇದು ನೋಡಿ.

ಹೊಸ ಪ್ಲಾಟ್ (ವಿಜಯಪುರ)

ಪ್ರತಿ ಗಾಡಿಗೂ ನಾನೇ ನಿಲ್ಲುತ್ತೇನೆ ಮಾಮಾ. ತೆಗೆದ ಎರಿ ಹಿತ್ತಲಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಸುಮಾರು ಇರುತ್ತದೆ. ಮಡ್ಡಿ ಹೊಲಕ್ಕೆ ಯಾರಿಗಾದರೂ ಬೇಕಿದ್ದರೆ ಇಲ್ಲೇ ಹೇಳಿ, ಗಾಡಿ ಬಾಡಿಗೆ ನಿಮ್ಮದು, ಮಣ್ಣು ಪುಕ್ಕಟೆ.